ವಾರಂಟಿಲ್ಲದ ಶೋಧ: ಕಾನೂನು ನಡೆದು ಬಂದ ದಾರಿ

ಪೊಲೀಸರು ಖಾಸಗಿ ಮನೆಯೊಳಗೆ ಕಾಲಿಡಲು ಭಾರತದ ಕಾನೂನಿನಲ್ಲಿ ಎರಡು ದಾರಿಗಳಿವೆ. ಮ್ಯಾಜಿಸ್ಟ್ರೇಟರು ಹೊರಡಿಸಿದ ವಾರಂಟ್ ಹಿಡಿದು ಬರುವುದು ಒಂದು. ವಾರಂಟಿಲ್ಲದೆ, ಆದರೆ ಕಾನೂನು ವಿಧಿಸಿದ ಷರತ್ತುಗಳನ್ನು ಪಾಲಿಸಿ ಬರುವುದು ಇನ್ನೊಂದು. ಎರಡನೆಯ ದಾರಿಗೆ ಒಂದೂವರೆ ಶತಮಾನದ ಇತಿಹಾಸವಿದೆ. ಅದರುದ್ದಕ್ಕೂ ಕಾನೂನು ಪೊಲೀಸರನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದ್ದು ಕಡಮೆ. ಒಳಗೆ ಹೋಗುವ ಅಧಿಕಾರಿ ಕಾರಣ ಬರೆದಿಡಬೇಕು, ಸಾಕ್ಷಿಗಳನ್ನು ಕರೆತರಬೇಕು, ತೆಗೆದುಕೊಂಡ ವಸ್ತುಗಳಿಗೆ ಪಟ್ಟಿ ಕೊಡಬೇಕು ಎಂದು ಕಟ್ಟು ಹಾಕಿದ್ದೇ ಹೆಚ್ಚು. ನಿವಾಸಿಯ ಹಕ್ಕುಗಳೂ ಬಹುಪಾಲು ಈ ಕಟ್ಟುಗಳಲ್ಲೇ ಇವೆ.

ಈ ಕಾನೂನಿನ ಬೇರು ಇಂಗ್ಲೆಂಡಿನಲ್ಲಿದೆ. 1604ರ ಸೆಮೇನ್ ಪ್ರಕರಣದಲ್ಲಿ ಅಲ್ಲಿನ ನ್ಯಾಯಾಲಯ, ಪ್ರತಿಯೊಬ್ಬನ ಮನೆಯೂ ಅವನಿಗೆ ಕೋಟೆಯಿದ್ದಂತೆ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪು, ದೊರೆಯ ಪರವಾಗಿ ಬಂದ ಅಧಿಕಾರಿ ತಾನು ಬಂದ ಕಾರಣವನ್ನು ತಿಳಿಸಿ, ಬಾಗಿಲು ತೆರೆಯುವಂತೆ ಕೇಳಿದ ಮೇಲೂ ತೆರೆಯದಿದ್ದರೆ ಅದನ್ನು ಮುರಿಯಬಹುದು ಎಂದೂ ಹೇಳಿತು. 1762ರಲ್ಲಿ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಗೆ ಮಂತ್ರಿ ಲಾರ್ಡ್ ಹ್ಯಾಲಿಫ್ಯಾಕ್ಸ್ ಕೊಟ್ಟ ಆಜ್ಞೆ ಹಿಡಿದು ನುಗ್ಗಿದ ದೊರೆಯ ಹರಿಕಾರರು ಗಂಟೆಗಟ್ಟಲೆ ಜಾಲಾಡಿ ಕಾಗದಪತ್ರಗಳನ್ನು ಹೊತ್ತೊಯ್ದರು. ಎಂಟಿಕ್ ಆ ಹರಿಕಾರರ ಮೇಲೆಯೇ ದಾವೆ ಹೂಡಿದ. 1765ರಲ್ಲಿ ಲಾರ್ಡ್ ಕ್ಯಾಮ್ಡನ್ ಕೊಟ್ಟ ತೀರ್ಪಿನ ಪ್ರಕಾರ, ಇಂಥ ಅಧಿಕಾರವಿದೆ ಎನ್ನುವವರು ಅದನ್ನು ಕಾನೂನಿನ ಪುಸ್ತಕದಲ್ಲಿ ತೋರಿಸಬೇಕಿತ್ತು. ತೋರಿಸಲಾಗದ್ದರಿಂದ ಅದು ಅತಿಕ್ರಮ ಪ್ರವೇಶವೇ ಆಯಿತು. ಅಧಿಕಾರಿಯ ಪ್ರವೇಶಕ್ಕೆ ಕಾನೂನಿನ ಆಧಾರ ಬೇಕೆಂಬ ನಿಯಮ ಗಟ್ಟಿಯಾದದ್ದು ಇಲ್ಲಿ. ಅಮೆರಿಕದವರು 1791ರಲ್ಲಿ ತಮ್ಮ ಸಂವಿಧಾನದ ನಾಲ್ಕನೆಯ ತಿದ್ದುಪಡಿಯ ಮೂಲಕ ಇದನ್ನೇ ಮೂಲಭೂತ ಹಕ್ಕಾಗಿಸಿಕೊಂಡರು.

ಈ ಇಂಗ್ಲಿಷ್ ಪರಂಪರೆಯಲ್ಲಿ ಭಾರತಕ್ಕೆ ಬಂದದ್ದು ಅಧಿಕಾರದ ಅರ್ಧ ಭಾಗ ಮಾತ್ರ. ಗವರ್ನರ್ ಜನರಲ್ ಕಾರ್ನ್‌ವಾಲಿಸನ 1793ರ ನಿಯಮಾವಳಿ ಬಂಗಾಳದಲ್ಲಿ ಠಾಣೆಗೊಬ್ಬ ದರೋಗ ಎಂಬ ಪೊಲೀಸ್ ಅಧಿಕಾರಿಯನ್ನು ನೇಮಿಸಿತು. ಕಡಮೆ ಸಂಬಳ, ದೂರದ ಮೇಲ್ವಿಚಾರಣೆ ಮತ್ತು ಕೈತುಂಬ ಅಧಿಕಾರದ ಈ ವ್ಯವಸ್ಥೆ ಜನರ ಪಾಲಿಗೆ ಕಾಟವಾಯಿತು. 1855ರಲ್ಲಿ ಮದ್ರಾಸ್ ಪ್ರಾಂತ್ಯದ ಚಿತ್ರಹಿಂಸೆ ಆಯೋಗ, ಕಂದಾಯದವರೂ ಪೊಲೀಸರೂ ಜನರಿಗೆ ಕೊಡುತ್ತಿದ್ದ ಹಿಂಸೆಯನ್ನು ದಾಖಲಿಸಿತು. ಬಳ್ಳಾರಿ, ಕೆನರಾ ಜಿಲ್ಲೆಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದವು. ಪೊಲೀಸರಿಲ್ಲದೆ ಆಡಳಿತ ನಡೆಯದು, ಪೊಲೀಸರನ್ನು ಪೂರ್ತಿ ನಂಬುವಂತೆಯೂ ಇಲ್ಲ ಎಂಬ ಇಬ್ಬಂದಿ ಆ ಕಾಲದ ಕಾನೂನುಗಳಲ್ಲಿ ಎದ್ದು ಕಾಣುತ್ತದೆ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆಯನ್ನು 1872ರ ಸಾಕ್ಷ್ಯ ಕಾಯ್ದೆ ಆರೋಪಿಯ ವಿರುದ್ಧ ಬಳಸಗೊಡಲಿಲ್ಲ. ಶೋಧದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಬರಲಿಲ್ಲ.

1861ರ ದಂಡ ಪ್ರಕ್ರಿಯಾ ಸಂಹಿತೆ 1872 ಮತ್ತು 1882ರಲ್ಲಿ ಹೊಸದಾಗಿ ಬರೆಯಲ್ಪಟ್ಟು, 1898ರಲ್ಲಿ ಮುಂದಿನ ಮುಕ್ಕಾಲು ಶತಮಾನ ಬಾಳಿದ ರೂಪ ತಳೆಯಿತು. ಅದರ 165ನೆಯ ಸೆಕ್ಷನ್ ಠಾಣಾಧಿಕಾರಿಗೆ ತನಿಖೆಯ ವೇಳೆ ವಾರಂಟಿಲ್ಲದೆ ಶೋಧಿಸುವ ಅಧಿಕಾರ ಕೊಟ್ಟಿತು. 47 ಮತ್ತು 48ನೆಯ ಸೆಕ್ಷನ್‌ಗಳು ಬಂಧಿಸಬೇಕಾದ ವ್ಯಕ್ತಿ ಅಡಗಿರುವ ಮನೆಯನ್ನು ಹೊಗಲು, ಕೇಳಿದರೂ ದಾರಿ ಬಿಡದಿದ್ದರೆ ಬಾಗಿಲು ಮುರಿಯಲು ಅವಕಾಶ ಕೊಟ್ಟವು. ಪರದೆಯ ಪದ್ಧತಿಯ ಹೆಂಗಸಿರುವ ಕೋಣೆಯಾದರೆ, ಮುರಿಯುವ ಮೊದಲು ಆಕೆಗೆ ತಿಳಿಸಿ ಹೊರಹೋಗಲು ಅನುವು ಮಾಡಿಕೊಡಬೇಕಿತ್ತು. 103ನೆಯ ಸೆಕ್ಷನ್ ಪ್ರಕಾರ ಆ ಸ್ಥಳದ ಇಬ್ಬರು ಗೌರವಸ್ಥರ ಎದುರಿನಲ್ಲಿ ಶೋಧ ನಡೆಯಬೇಕು, ಮನೆಯವರನ್ನು ಜೊತೆಗಿರಗೊಡಬೇಕು, ಜಪ್ತಿಯಾದ ವಸ್ತುಗಳ ಪಟ್ಟಿಗೆ ಸಾಕ್ಷಿಗಳು ರುಜು ಹಾಕಬೇಕು. ಕರ್ನಾಟಕದ ಠಾಣೆಗಳಲ್ಲಿ ಇಂದಿಗೂ ಮಹಜರು, ಪಂಚನಾಮೆ ಎನ್ನುವುದು ಇದೇ ಕ್ರಮವನ್ನು. 1923ರ ತಿದ್ದುಪಡಿ 165ನೆಯ ಸೆಕ್ಷನ್‌ಗೆ ಮುಖ್ಯವಾದ ಷರತ್ತೊಂದನ್ನು ಸೇರಿಸಿತು: ವಾರಂಟ್ ತರಲು ಕಾಯುವಂತಿಲ್ಲ ಏಕೆ, ಹುಡುಕುತ್ತಿರುವ ವಸ್ತು ಯಾವುದು ಎಂಬುದನ್ನು ಅಧಿಕಾರಿ ಶೋಧಕ್ಕೆ ಮೊದಲೇ ಬರೆದಿಡಬೇಕು.

ಈ ರಕ್ಷಣೆ ಸಾಲದೆಂಬ ಅರಿವು ರಾಷ್ಟ್ರೀಯ ಚಳವಳಿಯಲ್ಲಿ ಮೊದಲಿನಿಂದಲೂ ಇತ್ತು. 1895ರ ಸ್ವರಾಜ್ ಮಸೂದೆ, ಆನಿ ಬೆಸೆಂಟರ ಹೆಸರಿನೊಂದಿಗೆ ಬೆಸೆದುಕೊಂಡ 1925ರ ಕಾಮನ್‌ವೆಲ್ತ್ ಆಫ್ ಇಂಡಿಯಾ ಮಸೂದೆ ಮತ್ತು 1928ರ ನೆಹರೂ ವರದಿ ಮೂರೂ ಮನೆಯ ರಕ್ಷಣೆಯನ್ನು ಪ್ರಜೆಯ ಹಕ್ಕುಗಳಲ್ಲಿ ಎಣಿಸಿದ್ದವು. ಸಂವಿಧಾನ ಸಭೆಯ ಮೂಲಭೂತ ಹಕ್ಕುಗಳ ಉಪಸಮಿತಿಯೂ 1947ರಲ್ಲಿ ಅಕಾರಣ ಶೋಧದ ವಿರುದ್ಧ ಒಂದು ಕಲಮನ್ನು ಬರೆಯಿತು. ನ್ಯಾಯಾಲಯದ ವಾರಂಟಿಲ್ಲದೆ ಶೋಧವೇ ಇಲ್ಲವೆಂದಾದರೆ ಪೊಲೀಸ್ ತನಿಖೆಗೆ ತೊಡಕಾಗುತ್ತದೆ ಎಂದು ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್ ಟಿಪ್ಪಣಿ ಬರೆದರು. ಉಪಸಮಿತಿಯ ಸದಸ್ಯ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಕೂಡ ವಿರೋಧಿಸಿದರು. ಕಲಮು ಬಿದ್ದುಹೋಯಿತು. 1948ರ ಡಿಸೆಂಬರ್‌ನಲ್ಲಿ ಸಭೆಯ ಸದಸ್ಯ ಕಾಜಿ ಸೈಯದ್ ಕರೀಮುದ್ದೀನ್ ಅದನ್ನು ತಿದ್ದುಪಡಿಯ ರೂಪದಲ್ಲಿ ಮತ್ತೆ ತಂದರು. ಈ ರಕ್ಷಣೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಈಗಾಗಲೇ ಇದೆ, ಆದರೂ ಶಾಸಕಾಂಗದ ಕೈಗೆಟುಕದಂತೆ ಸಂವಿಧಾನದಲ್ಲಿ ಇಡುವುದು ಒಳ್ಳೆಯದು ಎಂದು ಅಂಬೇಡ್ಕರ್ ಒಪ್ಪಿಗೆಯ ಮಾತಾಡಿದರು. ಮತದಾನ ಮುಂದಕ್ಕೆ ಹೋಯಿತು. ಕೊನೆಗೆ ತಿದ್ದುಪಡಿ ಸೋತಿತು.

ಆ ಸೋಲಿನ ಪರಿಣಾಮ 1954ರಲ್ಲಿ ಕಾಣಿಸಿತು. ದಾಲ್ಮಿಯಾ ಸಮೂಹದ ಕಂಪನಿಗಳಿಗೆ ಸಂಬಂಧಿಸಿದ 34 ಸ್ಥಳಗಳ ಶೋಧವನ್ನು ಪ್ರಶ್ನಿಸಿದ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ, ಅಮೆರಿಕದ ನಾಲ್ಕನೆಯ ತಿದ್ದುಪಡಿಯಂಥ ಹಕ್ಕನ್ನು ನಮ್ಮ ಸಂವಿಧಾನಕರ್ತರು ಕೊಟ್ಟಿಲ್ಲ, ಅದನ್ನು ಹೊರಗಿನಿಂದ ತಂದು ಸೇರಿಸುವಂತಿಲ್ಲ ಎಂದು ತೀರ್ಮಾನಿಸಿತು. ಮನೆಯ ರಕ್ಷಣೆಗೆ ಉಳಿದದ್ದು ಸಂಹಿತೆಯ ಷರತ್ತುಗಳು ಮಾತ್ರ.

ಆ ಷರತ್ತುಗಳನ್ನು ಮುರಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಎರಡು ತೀರ್ಪುಗಳು ಉತ್ತರ ಕೊಟ್ಟವು. ರಾಜಸ್ಥಾನದ ರೆಹಮಾನ್ ಪ್ರಕರಣದಲ್ಲಿ ಅಬಕಾರಿ ಅಧಿಕಾರಿ ಕಾರಣ ಬರೆದಿಡದೆ ಶೋಧಕ್ಕೆ ಬಂದಾಗ ಮನೆಯವನು ಅಡ್ಡಿಪಡಿಸಿದ್ದ. 165ನೆಯ ಸೆಕ್ಷನ್ ಪಾಲನೆ ಕಡ್ಡಾಯ, ಅದನ್ನು ಮೀರಿದ ಶೋಧ ಅಕ್ರಮ, ಆದ್ದರಿಂದ ಅಡ್ಡಿಪಡಿಸಿದ್ದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 1959ರಲ್ಲಿ ಹೇಳಿತು. ಕೆಲವೇ ವರ್ಷಗಳ ನಂತರ ಉತ್ತರ ಪ್ರದೇಶದ ರಾಧಾ ಕಿಶನ್ ಪ್ರಕರಣದಲ್ಲಿ, ಅಂಚೆಯವನೊಬ್ಬನ ಮನೆಯಲ್ಲಿ ಬಟವಾಡೆಯಾಗದ ಪತ್ರಗಳು ಸಿಕ್ಕಿದ್ದವು. ಅಲ್ಲಿ ಕೋರ್ಟು ಬೇರೊಂದು ಮಾತನ್ನು ಸೇರಿಸಿತು: ಶೋಧ ಅಕ್ರಮವಾದರೆ ನಿವಾಸಿ ತಡೆಯಬಹುದು, ನ್ಯಾಯಾಲಯ ಸಾಕ್ಷ್ಯವನ್ನು ಹೆಚ್ಚು ಎಚ್ಚರದಿಂದ ಒರೆಗೆ ಹಚ್ಚಬೇಕು, ಆದರೆ ಅಷ್ಟರಿಂದಲೇ ಜಪ್ತಿ ರದ್ದಾಗುವುದಿಲ್ಲ. 1973ರ ಪೂರಣ್ ಮಲ್ ತೀರ್ಪು ಇದನ್ನು ಇನ್ನಷ್ಟು ಗಟ್ಟಿಗೊಳಿಸಿತು. ಅಕ್ರಮವಾಗಿ ಸಿಕ್ಕಿದ ಪುರಾವೆಯೂ ಪ್ರಸ್ತುತವಾಗಿದ್ದರೆ ನಡೆಯುತ್ತದೆ ಎಂಬುದು ಅಂದಿನಿಂದ ಭಾರತದ ಸಾಮಾನ್ಯ ನಿಯಮ. ನಿಯಮ ಮುರಿದರೂ ಪೊಲೀಸರಿಗೆ ಪ್ರಕರಣ ಉಳಿಯುತ್ತದೆ ಎಂಬ ಈ ಸ್ಥಿತಿಯೇ ಷರತ್ತುಗಳ ಬಲವನ್ನು ಅತಿ ಹೆಚ್ಚು ಕುಗ್ಗಿಸಿದೆ.

ತನಿಖೆಯೇ ಇಲ್ಲದೆ ಬಾಗಿಲು ಬಡಿಯುವುದು ಬೇರೆ ಬಗೆಯ ರೂಢಿ. ಖರಕ್ ಸಿಂಗ್ ಎಂಬಾತನನ್ನು 1941ರ ದರೋಡೆ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡಲಾಗಿತ್ತು. ಆದರೂ ಉತ್ತರ ಪ್ರದೇಶದ ಪೊಲೀಸರು ಅವನ ಹೆಸರಿನಲ್ಲಿ ಹಿಸ್ಟರಿ ಶೀಟ್ ತೆರೆದರು. ಚೌಕಿದಾರರೂ ಪೇದೆಗಳೂ ರಾತ್ರಿ ಹೊತ್ತು ಬಂದು ಕೂಗಿ ಎಬ್ಬಿಸುತ್ತಿದ್ದರು, ಒಳಗೂ ಬರುತ್ತಿದ್ದರು. ಇದಕ್ಕೆ ಆಧಾರವಾಗಿದ್ದದ್ದು ಶಾಸನವಲ್ಲ, ಪೊಲೀಸ್ ಇಲಾಖೆಯದೇ ನಿಯಮಾವಳಿ. 1962ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳ ಪೀಠ, ರಾತ್ರಿಯ ಮನೆ ಭೇಟಿಯ ನಿಯಮವನ್ನು ವೈಯಕ್ತಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ರದ್ದುಗೊಳಿಸಿತು. ಸೆಮೇನ್ ಪ್ರಕರಣದ ಕೋಟೆಯ ತತ್ತ್ವವನ್ನು ನೆನೆದದ್ದೂ ಇಲ್ಲಿಯೇ. ಆದರೆ ಖಾಸಗಿತನ ಮೂಲಭೂತ ಹಕ್ಕೆಂದು ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಅವರ ಪ್ರತ್ಯೇಕ ತೀರ್ಪು ಒಪ್ಪಿತು. 1975ರ ಗೋಬಿಂದ್ ಪ್ರಕರಣದಲ್ಲಿ ಮಧ್ಯಪ್ರದೇಶದ ಇಂಥದೇ ನಿಯಮಗಳು ಉಳಿದುಕೊಂಡವು. ಅವುಗಳ ಹಿಂದೆ ಶಾಸನದ ಬಲವಿತ್ತು. ಆದರೂ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ, ಸಮಾಜಕ್ಕೆ ನಿಜವಾಗಿ ಅಪಾಯಕಾರಿಯಾದವರ ಮಟ್ಟಿಗೆ ಮಾತ್ರ ಅವನ್ನು ಬಳಸಬೇಕೆಂದು ಮಿತಿ ಹಾಕಿ, ಹಳೆಯ ನಿಯಮಗಳನ್ನು ಪರಿಷ್ಕರಿಸಲು ಸೂಚಿಸಿದರು.

1974ರ ಏಪ್ರಿಲ್ 1ರಂದು ಜಾರಿಗೆ ಬಂದ 1973ರ ಸಂಹಿತೆ ಹಳೆಯ ಚೌಕಟ್ಟನ್ನೇ ಉಳಿಸಿಕೊಂಡಿತು. ಅದರ ಪಕ್ಕದಲ್ಲಿ ಅಬಕಾರಿ, ಸುಂಕ, ಮಾದಕವಸ್ತು ಮುಂತಾದ ವಿಶೇಷ ಕಾಯ್ದೆಗಳ ಶೋಧಾಧಿಕಾರಗಳು ಬೆಳೆದವು. ಪ್ರಕ್ಷುಬ್ಧವೆಂದು ಘೋಷಿತವಾದ ಪ್ರದೇಶಗಳಲ್ಲಿ ಸೇನೆಗೆ ವಾರಂಟಿಲ್ಲದೆ ಮನೆ ಹೊಗುವ ಅಧಿಕಾರವನ್ನು 1958ರ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಕೊಟ್ಟಿತ್ತು. 1985ರ ಮಾದಕವಸ್ತು ಕಾಯ್ದೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗಿನ ವಾರಂಟಿಲ್ಲದ ಶೋಧಕ್ಕೆ ಪ್ರತ್ಯೇಕ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿತು. ಆಧಾರವಿಲ್ಲದೆ ಪೀಡಿಸಲೆಂದೇ ಮನೆ ಹೊಕ್ಕ ಅಧಿಕಾರಿಗೆ ಆರು ತಿಂಗಳವರೆಗೆ ಸಜೆಯನ್ನೂ ಇಟ್ಟಿತು. ವಿಶೇಷ ಕಾಯ್ದೆಗಳ ಷರತ್ತುಗಳನ್ನು ನ್ಯಾಯಾಲಯಗಳು ಕೆಲವೊಮ್ಮೆ ಬಿಗಿಯಾಗಿಯೇ ಓದಿವೆ. ಕರ್ನಾಟಕದ 1965ರ ಅಬಕಾರಿ ಕಾಯ್ದೆಯ ಅಡಿಯ ಪ್ರಕರಣವೊಂದರಲ್ಲಿ ಇನ್‌ಸ್ಪೆಕ್ಟರ್ ಕಾರಣ ಬರೆದಿಡದೆ ಕಾರನ್ನು ಶೋಧಿಸಿದ್ದರಿಂದ ಸುಪ್ರೀಂ ಕೋರ್ಟ್ 1979ರಲ್ಲಿ ಶಿಕ್ಷೆಯನ್ನೇ ರದ್ದುಮಾಡಿತು.

ಸಂವಿಧಾನ ಸಭೆಯಲ್ಲಿ ಬಿದ್ದುಹೋದ ಹಕ್ಕು ಮರಳಿ ಬರಲು ಏಳು ದಶಕ ಹಿಡಿಯಿತು. ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಖಾಸಗಿತನ ಸ್ಥಳಕ್ಕೆ ಅಂಟಿದ್ದಲ್ಲ, ವ್ಯಕ್ತಿಗೆ ಸೇರಿದ್ದು ಎಂದು 2004ರಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಅರ್ಜಿಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಎಂ.ಪಿ. ಶರ್ಮಾ ಮತ್ತು ಖರಕ್ ಸಿಂಗ್ ತೀರ್ಪುಗಳಲ್ಲಿ ಈ ಹಕ್ಕಿಗೆ ವಿರುದ್ಧವಾಗಿದ್ದ ಮಾತುಗಳು ಆ ಮಟ್ಟಿಗೆ ಬಿದ್ದುಹೋದವು. ಸರ್ಕಾರ ಮನೆ ಹೊಗುವುದಿದ್ದರೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಬಲ ಎಂಬ ಅಳತೆಗಳನ್ನು ಈಗ ದಾಟಬೇಕು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಶೋಧದ ನಿಯಮಗಳನ್ನು ಮೊಬೈಲ್ ಫೋನ್ ಮತ್ತು ಲ್ಯಾಪ್‌ಟಾಪ್‌ಗಳಿಗೂ ವಿಸ್ತರಿಸಿ, ಸಾಮಾನ್ಯವಾಗಿ ಅವುಗಳ ಶೋಧಕ್ಕೆ ವಾರಂಟ್ ಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಎಂದಿತು.

2024ರ ಜುಲೈ 1ರಿಂದ 1973ರ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಬಂಧನಕ್ಕಾಗಿ ಮನೆ ಹೊಗುವ ಅಧಿಕಾರ ಅದರ 44ನೆಯ, ಶೋಧದ ಸಾಮಾನ್ಯ ಕ್ರಮ 103ನೆಯ, ವಾರಂಟಿಲ್ಲದ ಶೋಧ 185ನೆಯ ಸೆಕ್ಷನ್‌ನಲ್ಲಿವೆ. ಹೊಸದೆಂದರೆ 105ನೆಯ ಸೆಕ್ಷನ್: ಶೋಧ ಮತ್ತು ಜಪ್ತಿಯನ್ನು ಧ್ವನಿ ಸಹಿತ ಚಿತ್ರೀಕರಿಸಿ, ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. 185ರ ಅಡಿಯಲ್ಲಿ ಬರೆದಿಟ್ಟ ಕಾರಣಗಳ ಪ್ರತಿ 48 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು.

ಇದರಿಂದ ಇಂದಿನ ನಿವಾಸಿಯ ಹಕ್ಕುಗಳು ಹೀಗೆ ಕೂಡಿಬರುತ್ತವೆ. ಬಂದವರು ಯಾರು, ಯಾವ ಪ್ರಕರಣದಲ್ಲಿ, ಯಾರನ್ನು ಅಥವಾ ಏನನ್ನು ಹುಡುಕುತ್ತಿದ್ದಾರೆ ಎಂದು ಕೇಳಬಹುದು, ವಾರಂಟಿದ್ದರೆ ನೋಡಬಹುದು. ವಾರಂಟಿಲ್ಲದ ಶೋಧ ನಡೆಸಬೇಕಾದವರು ಠಾಣಾಧಿಕಾರಿ ಅಥವಾ ತನಿಖಾಧಿಕಾರಿ. ಕೆಳಗಿನವರನ್ನು ಕಳುಹಿಸಿದರೆ ಅವರ ಕೈಯಲ್ಲಿ ಲಿಖಿತ ಆದೇಶವಿರಬೇಕು. ಶೋಧ ನಡೆಯುವಾಗ ಮನೆಯವರು ಅಥವಾ ಅವರ ಪರವಾಗಿ ಒಬ್ಬರು ಜೊತೆಗಿರಬಹುದು. ಇಬ್ಬರು ಸ್ವತಂತ್ರ ಸ್ಥಳೀಯ ಸಾಕ್ಷಿಗಳಿರಬೇಕು. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮರ್ಯಾದೆಯಿಂದ ಮಾಡಬೇಕು. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮೊದಲು ಮಹಿಳೆಯನ್ನು ಬಂಧಿಸಲು ವಿಶೇಷ ಕಾರಣ, ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಜಪ್ತಿ ಪಟ್ಟಿಯ ಪ್ರತಿ ಮನೆಯವರಿಗೆ ಸಲ್ಲಬೇಕು. ಮ್ಯಾಜಿಸ್ಟ್ರೇಟರಿಗೆ ಹೋದ ದಾಖಲೆಯ ಪ್ರತಿಯನ್ನು ಅರ್ಜಿ ಹಾಕಿ ಉಚಿತವಾಗಿ ಪಡೆಯಬಹುದು.

ಅಕ್ರಮ ಶೋಧವನ್ನು ತಡೆಯುವ ಹಕ್ಕು ತೀರ್ಪುಗಳಲ್ಲಿ ಉಳಿದಿದೆ. ಆದರೆ ಅಧಿಕಾರಿ ಸದ್ಭಾವನೆಯಿಂದ ಮಾಡಿದ ಕೆಲಸದ ವಿರುದ್ಧ ಆತ್ಮರಕ್ಷಣೆಯ ಹಕ್ಕಿಗೆ ಕಾನೂನು ಮಿತಿ ಹಾಕಿರುವುದರಿಂದ ಕೈ ಅಡ್ಡಹಾಕಿದವರೇ ಆರೋಪಿಗಳಾಗುವ ಅಪಾಯವಿದೆ. ಆಕ್ಷೇಪವನ್ನು ಮಹಜರಿನಲ್ಲೇ ಬರೆಸುವುದು, ಆಮೇಲೆ ಮ್ಯಾಜಿಸ್ಟ್ರೇಟ್, ಪೊಲೀಸ್ ದೂರು ಪ್ರಾಧಿಕಾರ, ಮಾನವ ಹಕ್ಕುಗಳ ಆಯೋಗ ಅಥವಾ ಹೈಕೋರ್ಟಿಗೆ ಹೋಗುವುದು ಹೆಚ್ಚು ಸುರಕ್ಷಿತ. ಕಾನೂನು ಮೀರಿ ಕೇಡು ಮಾಡುವ ಉದ್ದೇಶದಿಂದ ನಡೆದುಕೊಂಡ ಸರ್ಕಾರಿ ನೌಕರನಿಗೆ ಅಪರಾಧ-ಶಿಕ್ಷೆಗಳ ಈಗಿನ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಶಿಕ್ಷೆಯಿದೆ. ಹೀಗೆ 1923ರಿಂದ 2024ರವರೆಗಿನ ಸುಧಾರಣೆಗಳೆಲ್ಲ ಶೋಧದ ದಾಖಲೆಯನ್ನು ಗಟ್ಟಿಮಾಡಿವೆ. ಆ ದಾಖಲೆಯನ್ನು ಕೇಳಿ ಪಡೆಯುವ ಕೆಲಸ ಮನೆಯವರದು.