ಬಿ. ಎಸ್. ಶೈಲಜಾ: ಕಲ್ಲಿನ ಮೇಲಿನ ಆಕಾಶ, ಕದ್ರಿಯ ಗುರು

ಖಗೋಳವಿಜ್ಞಾನಿ, ಕನ್ನಡದ ವಿಜ್ಞಾನ ಲೇಖಕಿ, ಭಾರತೀಯ ಖಗೋಳ ಇತಿಹಾಸದ ಸಂಶೋಧಕಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ವುಲ್ಫ್-ರಾಯೆ ಎಂಬ ಅತಿ ಬಿಸಿಯಾದ ನಕ್ಷತ್ರಗಳನ್ನು ಅಭ್ಯಸಿಸಿದ ಶೈಲಜಾ, ಮುಂದೆ ಜವಾಹರಲಾಲ್ ನೆಹರೂ ತಾರಾಲಯ ಸೇರಿ ಅದರ ನಿರ್ದೇಶಕಿಯೂ ಆದರು. ಇತಿಹಾಸಕಾರರ ವಲಯದಲ್ಲಿ ಅವರ ಹೆಸರು ನಿಂತಿರುವುದು ಮಾತ್ರ ಶಾಸನಗಳ ಮೇಲೆ.

ಗೀತಾ ಕೈದಾಳ ಅವರೊಡನೆ ರಚಿಸಿದ ‘ಹಿಸ್ಟರಿ ಆಫ್ ದ ಸ್ಕೈ – ಆನ್ ಸ್ಟೋನ್ಸ್’ 2016ರಲ್ಲಿ ಹೊರಬಂತು. ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಮಣ, ಗ್ರಹಗಳ ಕೂಟ ಎಂದು ದಾನಶಾಸನಗಳು ಸಂದರ್ಭವಾಗಿ ಹೆಸರಿಸುವ ಆಕಾಶದ ಘಟನೆಗಳೇ ಇದರ ವಸ್ತು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಇಂಥ ಉಲ್ಲೇಖಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ, ಸ್ವಾಮಿಕಣ್ಣು ಪಿಳ್ಳೈ 1922ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಇವನ್ನು ದುಡಿಸಿಕೊಂಡದ್ದು ಒಂದೇ ಕೆಲಸಕ್ಕೆ: ಅರಸರ ಕಾಲ ಗೊತ್ತುಮಾಡಲು. ಶೈಲಜಾ ಅದೇ ಸಾಲುಗಳನ್ನು ವೀಕ್ಷಣೆಯ ದಾಖಲೆಗಳಾಗಿಯೂ ಓದುತ್ತಾರೆ.

ವೀಕ್ಷಣೆಯಾಗಿ ಓದಿದರೆ ಲಾಭವೇನು? ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದು ನಿಧಾನವಾಗುತ್ತಿದೆ. ಶತಮಾನಕ್ಕೆ ದಿನ ಉದ್ದವಾಗುವುದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ಕಡಿಮೆ. ಆದರೆ ದಿನದಿನದ ವ್ಯತ್ಯಾಸ ಕೂಡುತ್ತ ಬಂದು, ಸಾವಿರ ವರ್ಷ ಹಿಂದಕ್ಕೆ ಹೋದಾಗ ಗಡಿಯಾರ ಅರ್ಧ ಗಂಟೆಯ ಹತ್ತಿರ ತಪ್ಪುತ್ತದೆ. ಅಷ್ಟರಲ್ಲಿ ಪೂರ್ಣಗ್ರಹಣದ ನೆರಳು ನೂರಾರು ಕಿಲೋಮೀಟರ್ ಪಕ್ಕಕ್ಕೆ ಬಿದ್ದಿರುತ್ತದೆ. ಇಂಥ ಊರಲ್ಲಿ, ಇಂಥ ದಿನ ಗ್ರಹಣ ಕಂಡಿತು ಎಂಬ ನಂಬಲರ್ಹ ದಾಖಲೆ ಆ ಲೆಕ್ಕವನ್ನು ತಿದ್ದಲು ಬೇಕು.

ಈ ಬಗೆಯ ಓದು ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಮಂಗಳೂರಿನ ಕದ್ರಿಯಂಥ ನಿದರ್ಶನ ಅಪರೂಪ. ಮಂಜುನಾಥ ದೇವಾಲಯದ ಲೋಕೇಶ್ವರ ಕಂಚಿನ ವಿಗ್ರಹಕ್ಕೆ ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮ ಇದನ್ನು ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಸಂಸ್ಕೃತ ಶಾಸನ ಹೇಳುತ್ತದೆ. ವಿಹಾರ ಎಂಬ ಮಾತು ಹಿಡಿದು ಬೌದ್ಧ ಕದ್ರಿಯ ಚರ್ಚೆ ಬಹಳ ನಡೆದಿದೆ; ಕಾಲದ ಚರ್ಚೆಗೆ ಅಷ್ಟು ಓದುಗರು ಸಿಕ್ಕಲಿಲ್ಲ. ಶಾಸನದ್ದು ಕಲಿಯುಗದ ಆರಂಭದಿಂದ ಎಣಿಸುವ ಕಲಿವರ್ಷದ ಗಣನೆ. ಅದನ್ನು 4068 ಎಂದು ಓದಿ, ಪ್ರತಿಷ್ಠೆ ಕ್ರಿ.ಶ. 968ರಲ್ಲಿ ಆಯಿತೆನ್ನುವುದು ರೂಢಿ. 1068 ಎಂಬ ಮತವೂ ಇದೆ. ವರ್ಷದ ಜೊತೆಗೆ ಶಾಸನ ಇನ್ನೂ ಎರಡು ಸುಳಿವು ಕೊಡುತ್ತದೆ: ಆ ವರ್ಷದ ಒಂಬತ್ತು ತಿಂಗಳು ಕಳೆದಿದ್ದವು, ಗುರು ಕನ್ಯಾರಾಶಿಯಲ್ಲಿದ್ದ.

ಗುರು ಸೂರ್ಯನನ್ನು ಒಂದು ಸುತ್ತು ಬರಲು 11.86 ವರ್ಷ ಬೇಕು. ನೂರು ವರ್ಷದಲ್ಲಿ ಎಂಟು ಸುತ್ತು ಮುಗಿದು ಒಂಬತ್ತನೆಯದು ಅರ್ಧಕ್ಕೆ ಸಮೀಪಿಸಿರುತ್ತದೆ. ಆದ್ದರಿಂದ 968ರ ಗುರುವಿಗೂ 1068ರ ಗುರುವಿಗೂ ತಾಳೆಯಾಗದು. ಇಂದಿನ ಗ್ರಹಗಣಿತದಂತೆ 968ರ ಜನವರಿಯಲ್ಲಿ ಗುರು ಇದ್ದದ್ದು ಮೇಷದಲ್ಲಿ. 1068ರ ಜನವರಿಯಲ್ಲಿ ಕನ್ಯೆಯಲ್ಲಿ. ಗ್ರಹದ ಸಾಕ್ಷ್ಯ ರೂಢಿಯ ವರ್ಷಕ್ಕೆ ವಿರುದ್ಧವಾಗಿದೆ. ಇಷ್ಟರಿಂದಲೇ ವ್ಯಾಜ್ಯ ತೀರಿತೆನ್ನಲು ಬಾರದು, ಅಕ್ಷರಗಳ ಮಾಟವನ್ನೂ ಆಳುಪರ ಉಳಿದ ಶಾಸನಗಳನ್ನೂ ಕೇಳಬೇಕು. ಆದರೂ 968 ಎಂದು ಅಡ್ಡಿಯಿಲ್ಲದೆ ಅಚ್ಚುಹಾಕುವ ಕೈಪಿಡಿಗಳು ಗುರುವಿಗೆ ಒಂದು ಉತ್ತರವನ್ನಾದರೂ ಕೊಡಬೇಕಾಗುತ್ತದೆ.

ಶಾಸನದ ಆಕಾಶವನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಗ್ರಹಣಕಾಲದ ದಾನಕ್ಕೆ ಪುಣ್ಯ ಹೆಚ್ಚು. ಹಾಗಾಗಿ ಪಂಚಾಂಗದಲ್ಲಿದ್ದು ಊರಿಗೆ ಕಾಣದ ಗ್ರಹಣವೂ ಕಲ್ಲು ಸೇರಿದೆ. ಕೂಟಶಾಸನ, ಎಂದರೆ ನಕಲಿ ಶಾಸನ, ಬರೆದವರಿಗಂತೂ ಹಳೆಯ ತಿಥಿ ಹೊಂದಿಸುವುದೇ ಕಷ್ಟದ ಕೆಲಸ. ಲೆಕ್ಕ ತಪ್ಪಿದಾಗ ಸಿಕ್ಕಿಬೀಳುತ್ತಾರೆ.

ಶೈಲಜಾ ಅವರ ಇನ್ನೊಂದು ಕೃತಿ ಚಿಂತಾಮಣಿ ರಘುನಾಥಾಚಾರ್ಯರನ್ನು ಕುರಿತದ್ದು. ಮದ್ರಾಸ್ ವೀಕ್ಷಣಾಲಯದ ಈ ಸಹಾಯಕರು 1867ರಲ್ಲಿ ಒಂದು ಚರ ನಕ್ಷತ್ರವನ್ನು ಪತ್ತೆಹಚ್ಚಿದರು. 1874ರ ಡಿಸೆಂಬರ್ 9ರ ಶುಕ್ರಸಂಕ್ರಮಣವನ್ನು ಜನರಿಗೆ ತಿಳಿಸಲು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಕಿರುಹೊತ್ತಗೆ ಹೊರಡಿಸಿದರು. ಪಾಶ್ಚಾತ್ಯ ವಿಜ್ಞಾನ ಮತ್ತು ಸಿದ್ಧಾಂತ ಗ್ರಂಥಗಳ ನಡುವೆ ಓಡಾಡಿದ ಇವರು ಬಹುಕಾಲ ಅಡಿಟಿಪ್ಪಣಿಯಾಗಿಯೇ ಉಳಿದಿದ್ದರು.

ಕನ್ನಡಕ್ಕೆ ಎಲ್ಲಕ್ಕಿಂತ ಹತ್ತಿರದ ಕೆಲಸ ‘ಗಣಿತಗನ್ನಡಿ’. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ‘ವಾರ್ಷಿಕತಂತ್ರ’ ಎಂಬ ಸಂಸ್ಕೃತ ಕರಣಗ್ರಂಥಕ್ಕೆ (ಗ್ರಹಗಣಿತದ ಕೈಪಿಡಿಗೆ) ಕನ್ನಡದಲ್ಲಿ ಬರೆದ ವ್ಯಾಖ್ಯಾನವಿದು. ಅದರ ಓಲೆಗರಿ ಪ್ರತಿಯ ಲಿಪಿ ನಂದಿನಾಗರಿ. ಸೀತಾರಾಮ ಜಾವಗಲ್ ಅವರೊಡನೆ ಶೈಲಜಾ ಇದನ್ನು ಇಂಗ್ಲಿಷಿಗೆ ತಂದ ಮೇಲೆ ಕನ್ನಡ ಬಾರದ ವಿದ್ವಾಂಸರೂ ಜೋಯಿಸರ ಗ್ರಹಣಗಣಿತವನ್ನು ಪರೀಕ್ಷಿಸುವಂತಾಯಿತು.