ಇಂಗ್ಲಿಷ್ ದೊಡ್ಡಕ್ಷರ, ಚಿಕ್ಕಕ್ಷರ: ಎಲ್ಲಿ ಯಾವುದು ಹಾಕಬೇಕು?

ಇ-ಆಧಾರ್ ಡೌನ್‌ಲೋಡ್ ಆಗಿರುತ್ತೆ, ಪಾಸ್‌ವರ್ಡ್ ಹಾಕಿದರೆ ಫೈಲ್ ಮಾತ್ರ ತೆರೆಯಲ್ಲ. ಹೆಸರು ಸರಿ, ಹುಟ್ಟಿದ ವರ್ಷವೂ ಸರಿ. ಬಹಳ ಸಲ ತಪ್ಪಿರೋದು ದೊಡ್ಡಕ್ಷರ, ಚಿಕ್ಕಕ್ಷರದಲ್ಲಿ. ಇ-ಆಧಾರ್‌ಗೆ ಹೆಸರಿನ ಮೊದಲ ನಾಲ್ಕು ಅಕ್ಷರ ಕ್ಯಾಪಿಟಲ್‌ನಲ್ಲೇ ಹಾಕಿ, ಆಮೇಲೆ ಹುಟ್ಟಿದ ವರ್ಷ ಹಾಕಬೇಕು. ಹೆಸರಿನ ಮುಂದೆ ಇನಿಷಿಯಲ್ ಇದ್ದು ಅದಕ್ಕೆ ಚುಕ್ಕೆ ಇದ್ದರೆ ಆ ಚುಕ್ಕೆಯೂ ನಾಲ್ಕರಲ್ಲಿ ಒಂದು. ನಮ್ಮ ಕಡೆ ಇನಿಷಿಯಲ್ ಇಲ್ಲದ ಹೆಸರೇ ಕಡಿಮೆ, ಹಾಗಾಗಿ ಇದು ನೆನಪಿರಲಿ.

ಆದಾಯ ತೆರಿಗೆ ಇಲಾಖೆಯ ಎಐಎಸ್ ಪಿಡಿಎಫ್ ತೆರೆಯೋಕೆ ಇದರ ಉಲ್ಟಾ. ಪ್ಯಾನ್ ನಂಬರ್ ಚಿಕ್ಕಕ್ಷರದಲ್ಲಿ, ಅದರ ಪಕ್ಕಕ್ಕೇ ಹುಟ್ಟಿದ ದಿನ, ತಿಂಗಳು, ವರ್ಷ. ಕಾರ್ಡ್ ಮೇಲೆ ದೊಡ್ಡಕ್ಷರದಲ್ಲಿ ಇದೆ ಅಂತ ಹಾಗೇ ಹೊಡೆದರೆ ತೆರೆಯಲ್ಲ. ಜಿಮೇಲ್ ವಿಳಾಸಕ್ಕೆ ಮಾತ್ರ ಈ ತಲೆನೋವಿಲ್ಲ, ಹೇಗೆ ಬರೆದರೂ ಮೇಲ್ ತಲುಪುತ್ತೆ.

ಕನ್ನಡದಲ್ಲಿ ವಾಕ್ಯದ ಶುರುವಿನಲ್ಲಿ ಬರಲಿ, ಕೊನೆಯಲ್ಲಿ ಬರಲಿ, 'ಕ' ಅಂದರೆ ಒಂದೇ 'ಕ'. ಹೀಗಾಗಿ ಇಂಗ್ಲಿಷ್ ಅರ್ಜಿ ಬರೆಯುವಾಗ ಗೊಂದಲ ಸಹಜ. ವಾಕ್ಯದ ಮೊದಲ ಅಕ್ಷರ, ವ್ಯಕ್ತಿ ಮತ್ತು ಊರಿನ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು ಅನ್ನೋದು ಎಲ್ಲರಿಗೂ ಗೊತ್ತು. ತಪ್ಪೋದು ಬೇರೆ ಕಡೆ. ನಾನು ಅನ್ನೋ ಅರ್ಥದ 'ಐ' ವಾಕ್ಯದ ಮಧ್ಯೆ ಬಂದರೂ ಕ್ಯಾಪಿಟಲ್. ವಾರ, ತಿಂಗಳ ಹೆಸರಿಗೂ ಕ್ಯಾಪಿಟಲ್ ಬೇಕು, ಆದರೆ ಸಮ್ಮರ್, ವಿಂಟರ್‌ಗೆ ಬೇಡ. ಕನ್ನಡ, ಇಂಗ್ಲಿಷ್, ಇಂಡಿಯನ್ ಇವಕ್ಕೆಲ್ಲ ಬೇಕು. ಬರೀ ರಿವರ್ ಅಂದರೆ ಚಿಕ್ಕ 'ಆರ್', ಕಾವೇರಿ ರಿವರ್ ಅಂತ ಹೆಸರಿನ ಜೊತೆ ಬಂದರೆ ಎರಡಕ್ಕೂ ದೊಡ್ಡದು. ಅರ್ಜಿಯ ಕೊನೆಯ 'ಯುವರ್ಸ್ ಫೇತ್‌ಫುಲಿ'ಯಲ್ಲಿ 'ವೈ' ಮಾತ್ರ ದೊಡ್ಡದು, 'ಎಫ್' ಚಿಕ್ಕದು.

ಅಂಗಡಿ ಬೋರ್ಡ್ ಪೂರ್ತಿ ಕ್ಯಾಪಿಟಲ್‌ನಲ್ಲಿ ಬರೆಸಿದರೆ ತಪ್ಪೇನಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಗ್ರಾಹಕರಿಗೆ ಇಡೀ ಮೆಸೇಜ್ ಹಾಗೆ ಕಳಿಸಿದರೆ ಕಿರುಚಿದಂತೆ ಕಾಣುತ್ತೆ.

ವ್ಯಾಪಾರದಲ್ಲಿ ಹೆಚ್ಚು ತಪ್ಪು ಆಗೋದು ತೂಕ, ಅಳತೆಯಲ್ಲಿ. ಕಿಲೋಗ್ರಾಂ ಬರೆಯೋಕೆ 'ಕೆ', 'ಜಿ' ಎರಡೂ ಚಿಕ್ಕದೇ. ದೊಡ್ಡ 'ಕೆ' ಅಂದರೆ ತಾಪಮಾನ ಅಳೆಯುವ ಕೆಲ್ವಿನ್. ಚಿಕ್ಕ 'ಎಂ' ಮಿಲಿ, ದೊಡ್ಡ 'ಎಂ' ಮೆಗಾ. ಮಿಲಿಗ್ರಾಂ ಬರೆಯಲು ಹೋಗಿ ದೊಡ್ಡ 'ಎಂ' ಹಾಕಿದರೆ ನಿಯಮದ ಪ್ರಕಾರ ಅದು ಮೆಗಾಗ್ರಾಂ, ಅಂದರೆ 1000 ಕಿಲೋ! ಲೀಟರ್‌ಗೆ ಎರಡೂ ನಡೆಯುತ್ತೆ. ವೋಲ್ಟ್, ವ್ಯಾಟ್, ಆಂಪಿಯರ್ ವಿಜ್ಞಾನಿಗಳ ಹೆಸರಿನಿಂದ ಬಂದವು, ಅದಕ್ಕೇ ಅವುಗಳ ಚಿಹ್ನೆ ದೊಡ್ಡಕ್ಷರ. ಕಿಲೋವ್ಯಾಟ್‌ನಲ್ಲಿ 'ಕೆ' ಚಿಕ್ಕದು, 'ಡಬ್ಲ್ಯೂ' ದೊಡ್ಡದು.

ಇಂಟರ್‌ನೆಟ್ ಕನೆಕ್ಷನ್ ಹಾಕಿಸುವವರು 'ಬಿ' ನೋಡಬೇಕು. ಚಿಕ್ಕ 'ಬಿ' ಅಂದರೆ ಬಿಟ್, ದೊಡ್ಡ 'ಬಿ' ಅಂದರೆ ಬೈಟ್. 8 ಬಿಟ್ ಸೇರಿದರೆ ಒಂದು ಬೈಟ್. ಪ್ಲಾನ್‌ನಲ್ಲಿ 100 ಎಂಬಿಪಿಎಸ್ ಅಂತ ಇರೋದು ಚಿಕ್ಕ 'ಬಿ'. ಹಾಗಾಗಿ ಸೆಕೆಂಡಿಗೆ 100 ಅಲ್ಲ, ಹೆಚ್ಚೆಂದರೆ 12.5 ಮೆಗಾಬೈಟ್ ಮಾತ್ರ ಇಳಿಯುತ್ತೆ.

ಬ್ಯಾಂಕ್ ಫಾರ್ಮ್‌ನಲ್ಲಿ 'ಬ್ಲಾಕ್ ಲೆಟರ್' ಅಂತ ಇದ್ದರೆ ಎಲ್ಲಾ ಕ್ಯಾಪಿಟಲ್‌ನಲ್ಲಿ, ಅಕ್ಷರ ಕೂಡಿಸದೆ ಬರೆಯಬೇಕು. ಸಹಿಗೆ ಇದು ಅನ್ವಯಿಸಲ್ಲ. ಹೀಗೆ ಬರೆಯುವಾಗ ದೊಡ್ಡ 'ಓ' ಮತ್ತು ಸೊನ್ನೆ ಒಂದೇ ಥರ ಕಾಣೋದೇ ಸಮಸ್ಯೆ. ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಐದನೆಯದು ಯಾವಾಗಲೂ ಸೊನ್ನೆ, 'ಓ' ಅಲ್ಲ.