ಮಂಜುದೀಪ: ಕಾರ್ಬೈಡಿನಿಂದ ಎಲ್‌ಇಡಿಯವರೆಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಕಾರಿನ ಒಡೆಯರು. ಊರಿಗೆ ಬಂದಾಗ ಮರೆಯದೆ ಮನೆಗೂ ಬರುತ್ತಾರೆ. ಕಾಫಿ ಕುಡಿಯುತ್ತ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಅಂಗಳದಲ್ಲಿ ನಿಂತ ಕಾರಿಗೆ ಬಂದು ನಿಲ್ಲುತ್ತದೆ. “ಸಾರ್, ಫಾಗ್ ಲೈಟಿಗೆ ಎಲ್‌ಇಡಿ ಹಾಕಿಕೊಂಡೆ, ನಾನೇ, ಮನೆಯಲ್ಲೇ. ಅರ್ಧ ಗಂಟೆಯ ಕೆಲಸ. ಈಗ ರಾತ್ರಿಯೆಲ್ಲ ಹಗಲು!” ಎನ್ನುವವರು ಇತ್ತೀಚೆಗೆ ಹೆಚ್ಚಾಗಿದ್ದಾರೆ. ಎದುರಿನಿಂದ ಬರುವವನಿಗೂ ಹಗಲೇ ಆಯಿತೇ ಎಂಬ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬರುತ್ತದೆ. ಅತಿಥಿಗಳನ್ನು ಪರೀಕ್ಷೆಗೆ ಕೂರಿಸಬಾರದೆಂದು ಸುಮ್ಮನಾಗುತ್ತೇನೆ. ಆದರೆ ವಾಹನದ ದೀಪದ ನೂರಿಪ್ಪತ್ತು ವರ್ಷಗಳ ಇತಿಹಾಸದ ತುಂಬ ಇರುವುದು ಇದೇ ಪ್ರಶ್ನೆ. ಬೆಳಕನ್ನು ಹೆಚ್ಚಿಸುವುದು ಮನುಷ್ಯನಿಗೆ ಅಷ್ಟೇನೂ ಕಷ್ಟವಾಗಲಿಲ್ಲ. ಹೆಚ್ಚಿದ ಬೆಳಕನ್ನು ಇನ್ನೊಬ್ಬನ ಕಣ್ಣಿಗೆ ಬೀಳದಂತೆ ಹಿಡಿದಿಡುವುದಕ್ಕೆ ಅವನು ಪಟ್ಟ ಪಾಡು ದೊಡ್ಡದು.

ಮೊದಮೊದಲ ಮೋಟಾರು ಗಾಡಿಗಳಿಗೆ ಕುದುರೆ ಸಾರೋಟಿನ ಎಣ್ಣೆ ದೀಪಗಳೇ ಗತಿಯಾಗಿದ್ದವು. ಗಾಡಿಯ ವೇಗ ಹೆಚ್ಚಿದಂತೆ ಅವು ಸಾಲದೆ ಹೋದವು. 1892ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ ಥಾಮಸ್ ವಿಲ್ಸನ್ ಎಂಬಾತ ವಿದ್ಯುತ್ ಕುಲುಮೆಯಲ್ಲಿ ಸುಣ್ಣವನ್ನೂ ಇದ್ದಿಲಿನಂಥ ಇಂಗಾಲವನ್ನೂ ಕೂಡಿಸಿ ಕಾಯಿಸುತ್ತಿದ್ದಾಗ ಕ್ಯಾಲ್ಸಿಯಂ ಕಾರ್ಬೈಡ್ ದೊರೆಯಿತು. ಮಾವಿನಕಾಯಿಯನ್ನು ಕಳ್ಳದಾರಿಯಲ್ಲಿ ಹಣ್ಣು ಮಾಡುವವರು ಬಳಸುವುದರಿಂದ ಕೆಟ್ಟ ಹೆಸರು ಪಡೆದಿರುವ ಕಾರ್ಬೈಡ್ ಇದೇ. ಅದರ ಮೇಲೆ ನೀರು ತೊಟ್ಟಿಕ್ಕಿದರೆ ಅಸಿಟಿಲೀನ್ ಅನಿಲ ಹೊರಡುತ್ತದೆ, ಹಚ್ಚಿದರೆ ಬೆಳ್ಳಗೆ ಉರಿಯುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಾರುಗಳ ಮುಂದೆ ಹೊಳೆಯುತ್ತಿದ್ದ ಹಿತ್ತಾಳೆಯ ದೊಡ್ಡ ದೀಪಗಳಲ್ಲಿ ಉರಿಯುತ್ತಿದ್ದುದು ಈ ಅನಿಲವೇ. ಗಾಡಿಯವನು ಕೆಳಗಿಳಿದು, ನೀರಿನ ತಿರುಪು ಸಡಿಲಿಸಿ, ಕಡ್ಡಿ ಗೀರಿ ದೀಪ ಹಚ್ಚಬೇಕಿತ್ತು. ನಂದಿಸಿದ ಮೇಲೆ ಒಳಗಿನ ಸುಣ್ಣದ ರಾಡಿಯನ್ನು ಬಳಿದು ತೆಗೆಯಬೇಕಿತ್ತು.

1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು, ಅದರ ಜೊತೆಗೇ ವಿದ್ಯುತ್ ದೀಪವೂ ಬಂದವು. ಆಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕಾರ್ಬೈಡ್ ದೀಪ ಹಿಂದೆ ಸರಿಯಿತು. ತೊಂದರೆ ಶುರುವಾದದ್ದೂ ಆಗಲೇ. ಎಣ್ಣೆ ದೀಪದಿಂದ ಯಾರ ಕಣ್ಣೂ ಕೋರೈಸಿರಲಿಲ್ಲ. ಈಗ ಎದುರು ಬದುರಾದ ಇಬ್ಬರು ಚಾಲಕರೂ ಕೆಲವು ಕ್ಷಣ ಕುರುಡರಾಗತೊಡಗಿದರು. ಒಂದೇ ಬಲ್ಬಿನಲ್ಲಿ ಎರಡು ತಂತುಗಳನ್ನಿಟ್ಟು, ದೂರಕ್ಕೊಂದು, ಎದುರು ಗಾಡಿ ಬಂದಾಗ ತಗ್ಗಿಸಲೊಂದು ಎಂಬ ಉಪಾಯ 1920ರ ದಶಕದಲ್ಲಿ ಯುರೋಪಿನಲ್ಲಿ ಬಳಕೆಗೆ ಬಂತು. ನಾವು ‘ಡಿಮ್ ಮಾಡು’ ಎನ್ನುತ್ತೇವಲ್ಲ, ಅದರ ಹುಟ್ಟು ಅಲ್ಲಿ.

ನಮ್ಮಲ್ಲಿ ಇದಕ್ಕಿಂತ ಅಗ್ಗದ ಇನ್ನೊಂದು ಉಪಾಯವಿತ್ತು. ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರಬಹುದು: ಲಾರಿ, ಬಸ್ಸು, ಅಂಬಾಸಿಡರ್ ಕಾರುಗಳ ಹೆಡ್‌ಲೈಟಿನ ಗಾಜಿನ ಮೇಲೆ ಕಪ್ಪು ಬಣ್ಣದ ಬೊಟ್ಟು ಇರುತ್ತಿತ್ತು. ಕೆಲವರು ಗಾಜಿನ ಮೇಲರ್ಧಕ್ಕೇ ಕಪ್ಪು ಬಳಿಯುತ್ತಿದ್ದರು. ಬಾಲ್ಯದಲ್ಲಿ ನಾನು ಅದನ್ನು ಗಾಡಿಗಿಟ್ಟ ದೃಷ್ಟಿಬೊಟ್ಟು ಎಂದೇ ತಿಳಿದಿದ್ದೆ. ಒಂದು ಅರ್ಥದಲ್ಲಿ ಹೌದು, ಆದರೆ ಕಾಯುತ್ತಿದ್ದುದು ಗಾಡಿಯನ್ನಲ್ಲ, ಎದುರು ಬರುವವನ ದೃಷ್ಟಿಯನ್ನು. ಕುಂಚದ ಒಂದು ಎಳೆತದಲ್ಲಿ ಮುಗಿಯುತ್ತಿದ್ದ ಈ ವಿದ್ಯೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಇನ್ನು ಮಂಜಿನ ವಿಷಯ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಯ ಕಡೆಗೆ ಮಳೆಗಾಲದಲ್ಲಿ ಪ್ರಯಾಣ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ನಾನು ಎಷ್ಟೋ ಸಲ ಗಮನಿಸಿದ್ದೇನೆ: ದಟ್ಟ ಮಂಜಿನಲ್ಲಿ ಡ್ರೈವರ್ ದೊಡ್ಡ ದೀಪ ಹಾಕಿದರೆ ಮುಂದೆ ಬಿಳಿಯ ಗೋಡೆಯೊಂದು ಎದ್ದು ನಿಲ್ಲುತ್ತದೆ, ಡಿಮ್ ಮಾಡಿದರೆ ರಸ್ತೆಯ ಅಂಚು ಮತ್ತೆ ಕಾಣುತ್ತದೆ. ಬೆಳಕು ಹೆಚ್ಚಾದಷ್ಟೂ ಕಾಣುವುದು ಕಡಿಮೆ! ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಅಸಂಖ್ಯ ಹನಿಗಳು. ಪ್ರತಿ ಹನಿಯೂ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ಒಂದಷ್ಟನ್ನು ನಮ್ಮ ಕಣ್ಣಿಗೇ ಹಿಂತಿರುಗಿಸುತ್ತದೆ. ಹೆಡ್‌ಲೈಟಿನ ಬೆಳಕಿನ ದಾರಿಯೂ ಚಾಲಕನ ನೋಟದ ದಾರಿಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅವನು ನೋಡುವುದು ಬೆಳಗಿದ ಮಂಜನ್ನೇ ಹೊರತು ರಸ್ತೆಯನ್ನಲ್ಲ.

ಆದುದರಿಂದಲೇ ಮಂಜುದೀಪವನ್ನು ಬಂಪರಿನ ಕೆಳಗೆ, ನೆಲಕ್ಕೆ ಹತ್ತಿರವಾಗಿ ಇಡುತ್ತಾರೆ. ಅದರ ಬೆಳಕು ಬೀಸಣಿಗೆಯಂತೆ ಅಗಲವಾಗಿ ಹರಡಿ ರಸ್ತೆಯ ಎರಡೂ ಅಂಚುಗಳನ್ನು ತೋರಿಸಬೇಕು, ಮೇಲಕ್ಕೆ ಮಾತ್ರ ಏಳಕೂಡದು. ಒಳ್ಳೆಯ ಮಂಜುದೀಪವನ್ನು ಗೋಡೆಯ ಮೇಲೆ ಬಿಟ್ಟು ನೋಡಿದರೆ ಸ್ಕೇಲು ಇಟ್ಟು ಎಳೆದಂಥ ಅಡ್ಡಗೆರೆ ಕಾಣುತ್ತದೆ: ಕೆಳಗೆ ಬೆಳಕು, ಮೇಲೆ ಕತ್ತಲೆ. ಈ ಕತ್ತಲೆಯನ್ನು ತಯಾರಿಸುವುದೇ ಎಂಜಿನಿಯರನ ಕಸುಬು. ಮಂಜುದೀಪ ದೂರಕ್ಕೆ ಹಾಯಿಸುವ ದೀಪವೂ ಅಲ್ಲ. ಮಂಜಿನಲ್ಲಿ ನಿಧಾನವಾಗಿ ಹೋಗುವವನಿಗೆ ಬೇಕಾದ ಹತ್ತಿಪ್ಪತ್ತು ಮಾರು ದೂರವನ್ನು ತೋರಿಸಿದರೆ ಅದರ ಕೆಲಸ ಮುಗಿಯಿತು.

ಹಾಗಾದರೆ ಅದು ಹಳದಿಯಾಗಿರುವುದೇಕೆ? ತರಗತಿಯಲ್ಲಿ ಈ ಪ್ರಶ್ನೆ ಕೇಳಿದಾಗಲೆಲ್ಲ “ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಸಾರ್” ಎಂಬ ಉತ್ತರ ಬರುತ್ತಿತ್ತು. ನಂಬಿಕೆ ಬಹಳ ಹಳೆಯದು, ಆದರೆ ಭೌತಶಾಸ್ತ್ರ ಅದಕ್ಕೆ ಒತ್ತಾಸೆ ಕೊಡುವುದಿಲ್ಲ. ಆಕಾಶ ನೀಲಿಯಾಗಿರಲು ಕಾರಣವನ್ನು 1871ರಲ್ಲಿ ಲಾರ್ಡ್ ರ್‍ಯಾಲೆ ವಿವರಿಸಿದ. ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಣಗಳು ಕೆಂಪಿಗಿಂತ ನೀಲಿಯನ್ನು ಹೆಚ್ಚು ಚೆದುರಿಸುತ್ತವೆ. 1921ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಸಿ. ವಿ. ರಾಮನ್ ಅವರು ಸಮುದ್ರದ ನೀಲಿಯನ್ನು ಕಂಡು ನೀರಿನ ಅಣುಗಳೂ ಇದನ್ನೇ ಮಾಡುತ್ತವೆಂದು ತೋರಿಸಿದರು. (ಆ ಚಿಂತನೆಯೇ ಅವರನ್ನು 1928ರ ರಾಮನ್ ಪರಿಣಾಮದವರೆಗೆ ಕರೆದೊಯ್ದಿತು, 1933ರಲ್ಲಿ ಅವರು ನಮ್ಮ ಬೆಂಗಳೂರಿಗೆ ಬಂದು ನೆಲೆಸಿದರು.) ಆದರೆ ಮಂಜಿನ ಹನಿ ಅಣುವಲ್ಲ. ಗೋಚರ ಬೆಳಕಿನ ತರಂಗಾಂತರ ಒಂದು ಮೈಕ್ರಾನಿಗಿಂತಲೂ ಕಡಿಮೆ, ಮಂಜಿನ ಹನಿಯೋ ಹತ್ತಾರು ಮೈಕ್ರಾನುಗಳಷ್ಟು ದಪ್ಪ. ಅಷ್ಟು ದೊಡ್ಡ ಹನಿಗೆ ನೀಲಿ, ಹಳದಿ, ಕೆಂಪು ಎಲ್ಲವೂ ಬಹುಮಟ್ಟಿಗೆ ಒಂದೇ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ.

ಹಳದಿಗೆ ಬೇರೊಂದು ಗುಣವಿದೆ. ನೀಲಿ ಹೆಚ್ಚಿರುವ ಬೆಳಕು ಕಣ್ಣಿಗೆ ಹೆಚ್ಚು ಚುಚ್ಚುತ್ತದೆ, ನೀಲಿಯನ್ನು ಸೋಸಿ ತೆಗೆದರೆ ಉಳಿಯುವ ಹಳದಿ ಅಷ್ಟು ಬಾಧಿಸುವುದಿಲ್ಲ. ಈ ನಂಬಿಕೆಯ ಮೇಲೆ ಇಡೀ ಒಂದು ದೇಶವೇ ನಡೆಯಿತು. 1936ರಲ್ಲಿ ಫ್ರಾನ್ಸ್ ಸರ್ಕಾರ ವಾಹನಗಳ ಮುಂದಿನ ದೀಪಗಳು ಹಳದಿಯಾಗಿರಬೇಕೆಂದು ಆಜ್ಞೆ ಹೊರಡಿಸಿತು. ಮಂಜುದೀಪಗಳಷ್ಟೇ ಅಲ್ಲ, ಹೆಡ್‌ಲೈಟುಗಳೂ ಸಹ! ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಫ್ರಾನ್ಸಿನ ರಾತ್ರಿಯ ರಸ್ತೆಗಳು ಅರಿಸಿನದ ಬಣ್ಣದಲ್ಲಿ ಬೆಳಗಿದವು. ಯುರೋಪಿನ ದೇಶಗಳೆಲ್ಲ ಒಂದೇ ನಿಯಮಕ್ಕೆ ಒಳಪಡುವ ಕಾಲ ಬಂದಾಗ, 1993ರಲ್ಲಿ, ಆ ಕಡ್ಡಾಯ ಕೊನೆಗೊಂಡಿತು. ಸೋಸಿದಾಗ ಬೆಳಕಿನ ಒಂದಂಶ ಕಳೆದುಹೋಗುತ್ತದೆ ಎಂಬ ಆಕ್ಷೇಪ ಮೊದಲಿನಿಂದಲೂ ಇತ್ತು, ಅದು ನಿಜವೂ ಹೌದು. ಆದರೂ ಎದುರಿನವನ ಕಣ್ಣಿಗಾಗಿ ತನ್ನ ಬೆಳಕಿನಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟ ಆ ಕಾನೂನು ನನಗೆ ಮೆಚ್ಚುಗೆಯಾಗುತ್ತದೆ.

1960ರ ದಶಕದ ಆರಂಭದಲ್ಲಿ ಯುರೋಪಿನ ಕಾರುಗಳಿಗೆ ಹ್ಯಾಲೋಜನ್ ಬಲ್ಬು ಬಂತು. ಟಂಗ್‌ಸ್ಟನ್ ತಂತುವಿನ ಸುತ್ತ ಅಯೋಡಿನ್ ಅಥವಾ ಬ್ರೋಮಿನ್ ಅಂಶವಿರುವ ಅನಿಲವನ್ನು ತುಂಬಿದರೆ, ಆವಿಯಾದ ಟಂಗ್‌ಸ್ಟನ್ ಗಾಜಿಗೆ ಅಂಟದೆ ತಂತುವಿಗೇ ಮರಳುತ್ತದೆ, ಆದ್ದರಿಂದ ತಂತುವನ್ನು ಇನ್ನಷ್ಟು ಕಾಯಿಸಬಹುದು. ನಮ್ಮ ಬಹಳಷ್ಟು ಕಾರುಗಳ ಮಂಜುದೀಪಗಳಲ್ಲಿ ಇಂದಿಗೂ ಇರುವ ಎಚ್3, ಎಚ್8, ಎಚ್11 ಎಂಬ ಬಲ್ಬುಗಳು ಈ ವಂಶದವು. ಎಚ್8 ಎಂದರೆ 35 ವಾಟ್, ಎಚ್11 ಎಂದರೆ 55 ವಾಟ್. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬಲ್ಬಿನ ಬುಡದಿಂದ ತಂತು ಎಷ್ಟು ದೂರದಲ್ಲಿರಬೇಕು ಎಂಬುದನ್ನು ಮಿಲಿಮೀಟರಿನ ಹತ್ತನೆಯ ಭಾಗಗಳ ಲೆಕ್ಕದಲ್ಲಿ ನಿಗದಿಪಡಿಸಿದ್ದಾರೆ. ಹಿಂದಿನ ಕನ್ನಡಿಯ ಬಾಗು ಆ ಒಂದೇ ಜಾಗದಲ್ಲಿ ಹುಟ್ಟುವ ಬೆಳಕಿಗಾಗಿ ರೂಪಿಸಿದ್ದು. ನಿಮ್ನ ದರ್ಪಣದ ನಾಭಿಯ ಪಾಠ ಓದಿದವರಿಗೆ ಮುಂದಿನದು ಅರ್ಥವಾಗಿರಬೇಕು!

ಎಲ್‌ಇಡಿಯ ಕಥೆ ಕಾರ್ಬೈಡ್ ದೀಪದ ಕಾಲದಲ್ಲೇ ಆರಂಭವಾಯಿತೆಂದರೆ ಆಶ್ಚರ್ಯವಾಗಬಹುದು. 1907ರಲ್ಲಿ, ಮಾರ್ಕೋನಿಯ ಕಂಪನಿಯಲ್ಲಿದ್ದ ಎಚ್. ಜೆ. ರೌಂಡ್ ಎಂಬ ಇಂಗ್ಲಿಷ್ ಎಂಜಿನಿಯರು ಕಾರ್ಬೊರಂಡಮ್ ಹರಳಿಗೆ ವಿದ್ಯುತ್ ಹಾಯಿಸಿದಾಗ ಅದು ಮಂದವಾಗಿ ಹೊಳೆದುದನ್ನು ಕಂಡು ಪತ್ರಿಕೆಗೆ ನಾಲ್ಕು ಸಾಲು ಬರೆದ. ಅದೂ ಕಾರ್ಬೈಡೇ, ಆದರೆ ಸಿಲಿಕಾನ್ ಕಾರ್ಬೈಡ್, ಸಾಣೆಗಲ್ಲಿಗೆ ಬಳಸುವ ವಸ್ತು. 1920ರ ದಶಕದಲ್ಲಿ ರಷ್ಯದ ಒಲೆಗ್ ಲೊಸೆವ್ ಅದನ್ನೇ ಆಳವಾಗಿ ಅಭ್ಯಸಿಸಿದ. 1942ರಲ್ಲಿ ಲೆನಿನ್‌ಗ್ರಾಡಿನ ಮುತ್ತಿಗೆಯಲ್ಲಿ ಆತ ತೀರಿಕೊಂಡ, ಅವನ ಕೆಲಸವನ್ನು ಬಹುಕಾಲ ಯಾರೂ ನೆನೆಯಲಿಲ್ಲ. 1962ರಲ್ಲಿ ನಿಕ್ ಹೊಲೋನ್ಯಾಕ್ ಕೆಂಪು ಎಲ್‌ಇಡಿ ಮಾಡಿದರು. ನೀಲಿಗಾಗಿ ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನ ಅಕಾಸಾಕಿ, ಅಮಾನೊ, ನಕಾಮುರ ಅವರ ಆ ಸಾಧನೆಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ಬಿಳಿ ಎಲ್‌ಇಡಿ ಎಂಬುದು ಸಾಮಾನ್ಯವಾಗಿ ಹಳದಿ ಪುಡಿಯ ಲೇಪ ಹೊದ್ದ ನೀಲಿ ಎಲ್‌ಇಡಿಯೇ. ಫ್ರೆಂಚರು ಯಾವ ನೀಲಿಯನ್ನು ಸೋಸಿ ಹೊರಹಾಕಿದರೋ ಅದೇ ಈ ಹೊಸ ಬೆಳಕಿನ ಮೂಲದ್ರವ್ಯ! 2007ರಲ್ಲಿ ಲೆಕ್ಸಸ್ ಕಾರೊಂದರ ತಗ್ಗುಬೆಳಕಿನ ಹೆಡ್‌ಲೈಟಿಗೆ ಎಲ್‌ಇಡಿ ಬಂತು. ಆಮೇಲೆ ಅದು ಎಲ್ಲ ಕಡೆ ಹಬ್ಬಿತು.

ಈಗ ಮನೆಯಲ್ಲಿ ಮಾಡುವ ಕೆಲಸಕ್ಕೆ ಬರೋಣ. ನನ್ನ ತಂಗಿಯ ಮಗ ಕೊಟ್ಟಿಗೆಹಾರದ ಕಡೆಯವನು, ವಾರಕ್ಕೆರಡು ಸಲ ಘಾಟಿ ಇಳಿಯುವವನು. ಮಳೆಗಾಲಕ್ಕೆ ಮುಂಚೆ ಎಚ್11ರ ಜಾಗದಲ್ಲಿ ಕೂರುವ ಎರಡು ಎಲ್‌ಇಡಿ ಬಲ್ಬುಗಳನ್ನು ತರಿಸಿ, ನಾನು ಅವರ ಮನೆಯಲ್ಲಿದ್ದಾಗಲೇ ಕೆಲಸಕ್ಕಿಳಿದ. ಮುಂದಿನ ಚಕ್ರವನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಕ್ಲಿಪ್ಪುಗಳನ್ನು ಬಿಡಿಸಿ, ಕೈ ತೂರಿಸಿ, ಬಲ್ಬನ್ನು ಕಾಲು ಸುತ್ತು ತಿರುಗಿಸಿ ಹೊರಗೆಳೆದ. ಹೊಸದನ್ನು ಕೂರಿಸಿದಾಗ ಒಂದು ಹತ್ತಲಿಲ್ಲ. ಎಲ್‌ಇಡಿಯಲ್ಲಿ ವಿದ್ಯುತ್ ಒಂದೇ ದಿಕ್ಕಿಗೆ ಹರಿಯಬೇಕು, ಸಾಕೆಟ್ಟನ್ನು ತಿರುವಿ ಹಾಕಿದ, ಹತ್ತಿತು. ಅವನು ಹೇಳಿದಂತೆ ಅರ್ಧ ಗಂಟೆಯ ಕೆಲಸವೇ.

“ಮಾವ, ಹೇಗಿದೆ?” ಎಂದ. ನಾನು ಟೇಪು ತರಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿ 106ನೆಯದೊಂದು ನಿಯಮವಿದೆ: ದೀಪದಿಂದ 8 ಮೀಟರ್ ದೂರದಲ್ಲಿ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಒಬ್ಬನ ಕಣ್ಣಿದ್ದರೆ ಅದು ಕೋರೈಸದಂತೆ ಮುಂದಿನ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು. ವಾಟು, ಲ್ಯೂಮೆನ್ನುಗಳ ಮಾತು ಬಿಟ್ಟು ಮನುಷ್ಯನ ಕಣ್ಣನ್ನೇ ಅಳತೆಗೋಲಾಗಿ ಹಿಡಿದ ನಿಯಮ ಅದು! ನನ್ನ ಕಣ್ಣಿನ ಎತ್ತರವೂ ಸರಿಸುಮಾರು ಅಷ್ಟೇ. ಅಂಗಳದಲ್ಲಿ 8 ಮೀಟರ್ ಅಳೆದು ನಿಂತೆ. ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಹೋಲಿಕೆಗಾಗಿ ಹಳೆಯ ಹ್ಯಾಲೋಜನನ್ನೇ ಮತ್ತೆ ಕೂರಿಸಲು ಹೇಳಿದ್ದೆ. ಹ್ಯಾಲೋಜನ್ ದೀಪವನ್ನು ದಿಟ್ಟಿಸಿ ನೋಡಬಹುದಿತ್ತು. ಎಲ್‌ಇಡಿಯ ಕಡೆ ಮುಖ ತಿರುಗಿಸಬೇಕಾಯಿತು. ಹಿಂದಿನ ಗೋಡೆಯ ಮೇಲೆ ಒಂದರ ಗೆರೆ ನೇರವಾಗಿತ್ತು, ಇನ್ನೊಂದರದು ಕಲಸಿಹೋಗಿ ಬೆಳಕು ಹೆಂಚಿನವರೆಗೂ ಏರಿತ್ತು.

ಕಾರಣ ಸರಳ. ಸಪೂರ ತಂತುವಿದ್ದ ಜಾಗದಲ್ಲಿ ಈಗ ಒಂದು ಪಟ್ಟಿಯ ಎರಡು ಮಗ್ಗುಲಿಗೆ ಅಂಟಿಸಿದ ಬಿಲ್ಲೆಗಳಿವೆ. ಎರಡೂ ಕನ್ನಡಿಯ ನಾಭಿಯಿಂದ ತುಸು ಆಚೀಚೆ. ಬಿಲ್ಲೆಗಳು ಎಡಬಲಕ್ಕೆ ಮುಖ ಮಾಡುವಂತೆ ಬಲ್ಬನ್ನು ತಿರುಗಿಸಿದಾಗ ಗೆರೆ ಸ್ವಲ್ಪ ಸುಧಾರಿಸಿತು, ಪೂರ್ತಿ ಸರಿಹೋಗಲಿಲ್ಲ. ಜೊತೆಗೆ ಎಲ್‌ಇಡಿಯ ಶಾಖವೆಲ್ಲ ಬುಡದಲ್ಲಿ ಕೂಡುತ್ತದೆ, ಅಲ್ಲೊಂದು ಪುಟ್ಟ ಫ್ಯಾನು ಸುತ್ತುತ್ತಿರಬೇಕು. ಕೆಸರು ನೀರು ಎರಚುವ ಆ ಜಾಗದಲ್ಲಿ ಅದಕ್ಕೆಷ್ಟು ಆಯುಷ್ಯವೋ. ಹ್ಯಾಲೋಜನ್ ದೀಪವಾದರೋ ತನ್ನ ಕಾವಿನಿಂದ ಮುಂದಿನ ಗಾಜಿನ ಇಬ್ಬನಿಯನ್ನೂ ಒಣಗಿಸುತ್ತಿತ್ತು.

ಇದು ನನ್ನೊಬ್ಬನ ತಕರಾರಲ್ಲ. ಹ್ಯಾಲೋಜನ್ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬು ಹಾಕುವುದಕ್ಕೆ ಜರ್ಮನಿ 2020ರಲ್ಲಿ ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಾಗಲೂ ಪರೀಕ್ಷಿಸಿದ ಬಲ್ಬಿಗೆ, ಪರೀಕ್ಷಿಸಿದ ಕಾರುಗಳ ಪಟ್ಟಿಯಲ್ಲಿರುವ ಮಾದರಿಗಳಿಗೆ ಮಾತ್ರ ಕೊಟ್ಟಿತು.

“ಎದುರು ಬರುವ ಬಸ್ಸಿನ ಡ್ರೈವರು ಆ ತಿರುವಿನಲ್ಲಿ ಎರಡು ಕ್ಷಣ ಕಣ್ಣು ಮುಚ್ಚಿದರೆ ಹೋಗುವುದು ನಿನ್ನ ಕಾರಿನ ಮೇಲೇ ಅಲ್ಲವೇನೋ?” ಎಂದೆ. ಅವನು ಗೋಡೆಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತು, ಇನ್ನೊಂದು ಬಲ್ಬನ್ನೂ ಕಳಚಿದ. ತಿಂಗಳ ಮೇಲೆ ತನ್ನದೇ ಲೆನ್ಸು, ಕನ್ನಡಿ ಸಹಿತ ಎಲ್‌ಇಡಿಗಾಗಿಯೇ ರೂಪಿಸಿದ ಇಡೀ ದೀಪಗಳ ಜೋಡಿಯನ್ನು ತರಿಸಿ ಕೂರಿಸಿದ. ಬೆಲೆ ಬಲ್ಬಿನ ನಾಲ್ಕು ಪಟ್ಟಾಯಿತಂತೆ. 8 ಮೀಟರ್ ಅಳೆದು, ತಿರುಪಿನಿಂದ ಗೆರೆಯನ್ನು ದೀಪದ ನಡುಮಟ್ಟಕ್ಕಿಂತ ನಾಲ್ಕು ಅಂಗುಲ ತಗ್ಗಿಸಿಟ್ಟು, ಗೋಡೆಯ ಫೋಟೋ ತೆಗೆದು ಮೊಬೈಲಿಗೆ ಕಳಿಸಿದ್ದ. ಹಳೆಯ ಹ್ಯಾಲೋಜನ್ ದೀಪಗಳನ್ನು ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾನೆ.